ಬುತ್ತಿಗಂಟಿನಲ್ಲಿ ಮೂರು ಪಿನ್ನು

ವಿಮಾನದ ಗಾಲಿ ರಿಪೇರಿ ಮಾಡುವ ಜಾಗದಲ್ಲಿ ನಗುವಂಥದ್ದು ಏನೂ ನಡೆಯಬಾರದು. ನಮ್ಮ ಶೆಡ್ಡಿನಲ್ಲಿ ಅದೊಂದನ್ನು ಬಿಟ್ಟು ಉಳಿದ ನಿಯಮಗಳನ್ನೆಲ್ಲ ಪಾಲಿಸುತ್ತೇವೆ.

ನಮ್ಮದು ವಿಮಾನ ಹಾರಿಸುವುದನ್ನು ಕಲಿಸುವ ಸಣ್ಣ ಶಾಲೆ. ಇರುವುದು ಎರಡು ಎಂಜಿನ್ನಿನ ಒಂದು ಹಳೆಯ ವಿಮಾನ. ನಾನು ಸೇಡಂನಿಂದ ಬಂದುಹೋಗುವ, ಡಿಗ್ರಿ ಇರುವ ತಪಾಸಣೆಗಾರ. ಕೈಕೆಲಸವೆಲ್ಲ ವಾಡಿಯ ಮಿಸ್ತ್ರಿಯದು. ಅವರು ಬಿಚ್ಚಿ ಜೋಡಿಸುತ್ತಾರೆ, ನಾನು ಸಹಿ ಮಾಡುತ್ತೇನೆ. ಗಾಲಿ ಕೈಕೊಟ್ಟರೆ ಸಹಿ ಮಾಡುವ ಅಧಿಕಾರ ಹೋಗುವುದು ನನ್ನದು. ಹಾಗಾಗಿ ನಾನು ಯಾರನ್ನೂ ನಂಬುವುದಿಲ್ಲ. ನಂಬದಿರುವುದಕ್ಕೇ ನನಗೆ ಸಂಬಳ.

ಕಿವಿ

ಮಿಸ್ತ್ರಿಯ ತಂದೆ ವಾಡಿ ಸ್ಟೇಷನ್ನಿನಲ್ಲಿ ಗೂಡ್ಸ್ ಡಬ್ಬಿಗಳ ಗಾಲಿಗೆ ಸುತ್ತಿಗೆ ಬಡಿದು ಸಪ್ಪಳದಿಂದಲೇ ದೋಷ ಹಿಡಿಯುತ್ತಿದ್ದವರು. ಮಗನಿಗೂ ಅದೇ ಚಾಳಿ. ಗಾಲಿ ಕೂಡಿಸಿದ ಮೇಲೆ ನಟ್ಟು ತಿರುಗಿಸುವ ಪಾನಾದಿಂದ ಒಮ್ಮೆ ಟಕ್ ಎನ್ನಿಸಿ ಕಿವಿ ಕೊಡುತ್ತಾರೆ.

"ಇದು ಪುಸ್ತಕದಾಗ ಇಲ್ರಿ ಮಿಸ್ತ್ರಿ," ಎಂದೆ.

"ಪುಸ್ತಕಕ್ಕ ಕಿವಿ ಇಲ್ರಿ ಸಾಹೇಬ್ರ. ಈ ನಟ್ಟು ಸಡ್ಲ ಅದ."

ಬಿಗಿ ಅಳೆಯುವ ಪಾನಾ ತಂದು ಹಚ್ಚಿದೆ. ನಟ್ಟು ಕಾಲು ಸುತ್ತು ತಿರುಗಿತು. ಆಕಸ್ಮಿಕ ಎಂದೆ. ಮೂರನೆಯ ಸಲ ಹಾಗೇ ಆದಾಗಲೂ ಆಕಸ್ಮಿಕವೆಂದೇ ಅಂದೆ. ನಾಲ್ಕನೆಯ ಸಲ, ಅತ್ತಿತ್ತ ನೋಡಿ, "ಒಮ್ಮಿ ಬಡದು ನೋಡ್ರಿ" ಎಂದು ನಾನೇ ಹೇಳಿದೆ.

ಮೊಣಕಾಲು

ರಿಪೇರಿಯಾದ ಮೇಲೆ ವಿಮಾನವನ್ನು ಜಾಕಿನ ಮೇಲೆ ಎತ್ತಿ, ಗಾಲಿಗಳನ್ನು ಒಳಗೆ ಮಡಚಿ, ಮತ್ತೆ ಇಳಿಸಿ ನೋಡಬೇಕು. ಅಂಥ ಒಂದು ದಿನ ಮಿಸ್ತ್ರಿಯ ದೊಡ್ಡವ್ವ ನಾಲವಾರದಿಂದ ರೈಲಿನಲ್ಲಿ ಬಂದು ಶೆಡ್ಡಿನ ಬಾಗಿಲಲ್ಲಿ ಕೂತರು. ಅವರ ಗೇಟ್ ಪಾಸನ್ನು ನಾನು ಎರಡು ಸಲ ನೋಡಿದೆ.

ಗಾಲಿಗಳು ಒಳಗೆ ಹೋದವು. "ಯವ್ವಾ, ಕೋಳಿ ಕಾವಿಗೆ ಕುಂತಂಗ ಕುಂತದಲ್ಲೋ ತಮ್ಮಾ!" ಎಂದರು ದೊಡ್ಡವ್ವ. ಗಾಲಿಗಳು ಇಳಿದವು. "ಎಡಗಾಲು ಯಾಕ ಹಿಂದ ಬೀಳತದ? ಅದಕ್ಕೂ ನನ್ನಂಗ ಮೊಣಕಾಲು ಹಿಡದದೇನು?"

"ಗಾಲಿ ಇಳದದ್ದು ತೋರಸೋ ಮೂರೂ ದೀಪ ಒಳಗ ಸರಿ ಹತ್ಯಾವ, ದೊಡ್ಡವ್ವ," ಎಂದೆ.

"ದೀಪ ಸರಿ ಹತ್ತಿದ್ರ ಕಾಲು ಸರಿ ಇರತದೇನು? ನಮ್ಮ ಮನ್ಯಾಗೂ ದೀಪ ಸರೀನೇ ಹತ್ತತಾವ."

ಗಡಿಯಾರ ಹಿಡಿದು ನೋಡಿದೆ. ಎಡಗಾಲು ತಡವಾಗಿಯೇ ಇಳಿಯುತ್ತಿತ್ತು. ಬಿಚ್ಚಿದರೆ ಒಂದು ಕೀಲಿಗೆ ಗ್ರೀಸೇ ಹೊಕ್ಕಿರಲಿಲ್ಲ. ನನ್ನ ಡಿಗ್ರಿ ನಾಲ್ಕು ವರ್ಷದ್ದು. ಅವರ ಮೊಣಕಾಲು ಎಪ್ಪತ್ತು ವರ್ಷದ್ದು.

ಬುತ್ತಿ

ನೆಲದ ಮೇಲೆ ನಿಂತಾಗ ಗಾಲಿ ತಪ್ಪಿ ಮಡಚಿಕೊಳ್ಳದಿರಲೆಂದು ಪ್ರತಿ ಕಾಲಿಗೂ ಒಂದು ಕಬ್ಬಿಣದ ಪಿನ್ನು ಹಾಕಿರುತ್ತೇವೆ. ಹಾರುವ ಮುನ್ನ ಮೂರನ್ನೂ ಕೀಳಬೇಕು. ಒಂದು ಉಳಿದರೂ ಆಕಾಶದಲ್ಲಿ ಎರಡು ಕಾಲು ಒಳಗೆ, ಒಂದು ಹೊರಗೆ. ಕಿತ್ತ ಪಿನ್ನುಗಳನ್ನು ಗೋಡೆಯ ಹಲಗೆಗೆ ನೇತುಹಾಕಬೇಕೆಂಬುದು ನಿಯಮ. ಮಿಸ್ತ್ರಿ ಅವನ್ನು ತಮ್ಮ ಬುತ್ತಿಗಂಟಿನಲ್ಲಿ, ರೊಟ್ಟಿಯ ಮೇಲೆ ಇಡುತ್ತಿದ್ದರು.

"ಹಲಗಿ ಕಡಿ ಯಾರೂ ನೋಡಂಗಿಲ್ರಿ ಸಾಹೇಬ್ರ. ರೊಟ್ಟಿ ಕಡಿ ನಾ ದಿನಾ ನೋಡತೀನಿ."

ವಿಮಾನದ ಸಾಮಾನನ್ನು ಶೇಂಗಾ ಹಿಂಡಿ ಚಟ್ನಿಯ ಜೊತೆ ಇಡತಕ್ಕದ್ದಲ್ಲ ಎಂದು ಲಿಖಿತ ಸೂಚನೆ ಕೊಟ್ಟೆ. ಮಿಸ್ತ್ರಿ ಗೌರವದಿಂದ ಓದಿದರು. ಮರುದಿನ ಹಿಂಡಿಯನ್ನು ಆ ಸೂಚನೆಯ ಹಾಳೆಯಲ್ಲೇ ಕಟ್ಟಿಕೊಂಡು ಬಂದರು.

ಚಿಂಚೋಳಿಯ ಹುಡುಗಿಯೊಬ್ಬಳ ಹಾರಾಟದ ಪರೀಕ್ಷೆಯ ದಿನ ಮಿಸ್ತ್ರಿ ಬೇರೆ ಕೆಲಸದಲ್ಲಿದ್ದರು. ಪಿನ್ನು ಕೀಳಲು ನಾನೇ ಹೋದೆ. ಎರಡು ಕಿತ್ತಾಗ ಫೋನ್ ಬಂತು. ಮಾತಾಡುತ್ತಲೇ ಕೈಯಲ್ಲಿದ್ದವನ್ನು, ಮತ್ತೆ ಹಲಗೆಯ ಜಗಳ ಯಾಕೆಂದು, ಮಿಸ್ತ್ರಿಯ ಗಂಟಿನೊಳಗೇ ತುರುಕಿದೆ. ಮೂರನ್ನೂ ಕಿತ್ತಿದ್ದೇನೆ ಎಂದು ಬರೆದು ಸಹಿ ಮಾಡಿದೆ. ಹೊರಗೆ ಎಂಜಿನ್ ಶುರುವಾಯಿತು.

ಅವತ್ತು ಮಿಸ್ತ್ರಿಯ ಮನೆಯಲ್ಲಿ ನಾಷ್ಟಾ ಆಗಿರಲಿಲ್ಲ. ಅದೇ ಹೊತ್ತಿಗೆ, ಹನ್ನೊಂದಕ್ಕೇ, ಗಂಟು ಬಿಚ್ಚಿದರು.

"ಸಾಹೇಬ್ರ! ರೊಟ್ಟಿ ಐದು ಅವ, ಪಿನ್ನು ಎರಡೇ ಅವ!"

"ಸರಿ ಎಣಸ್ರಿ, ಮಿಸ್ತ್ರಿ."

ಅವರು ಎಣಿಸಲಿಲ್ಲ, ಓಡಿದರು. ವಿಮಾನದ ಮುಂದೆ ದೂರದಲ್ಲಿ ನಿಂತು, ಎತ್ತಿದ ಕೈಯಲ್ಲಿ ರೊಟ್ಟಿ ಹಿಡಿದು ಬೀಸಿದರು. ಎಂಜಿನ್ ನಿಂತಿತು. ಹುಡುಗಿ ತಲೆ ಹೊರಗೆ ಹಾಕಿ, "ಏನ್ರಿ ಕಾಕಾ, ಊಟಕ್ಕ ಕರೀಲಿಕತ್ತೀರೇನು?" ಎಂದಳು.

ಮೂರನೆಯ ಪಿನ್ನು ಬಲಗಾಲಿನಲ್ಲಿ ಆರಾಮಾಗಿ ಕೂತಿತ್ತು.

ವರದಿ ಬರೆಯಬೇಕಾಯಿತು. ತಪ್ಪು ನನ್ನದು ಎಂದು ಬರೆದೆ. ಅಲ್ಲಿ ಬೇರೆ ಯಾರ ಸಹಿಯೂ ಇರಲಿಲ್ಲ. ಮುಂದಿನ ಕಾಲಂ: ತಪ್ಪು ಹೇಗೆ ಪತ್ತೆಯಾಯಿತು? ಬಹಳ ಹೊತ್ತು ಯೋಚಿಸಿ, "ಹಸಿವಿನಿಂದ" ಎಂದು ಬರೆದೆ. ಕೊನೆಯ ಕಾಲಂ: ಮತ್ತೆ ಆಗದಂತೆ ಏನು ಕ್ರಮ? ಮಿಸ್ತ್ರಿಯ ಮುಖ ನೋಡಿದೆ.

ಮಿಸ್ತ್ರಿ ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದರು. "ಸಹಿ ಮಾಡೋರಿಗೂ ನಾಷ್ಟಾ ಕೊಡಬ್ಯಾಡ್ರಿ ಅಂತ ಬರೀರಿ," ಎಂದರು.

ಬರೆದೆ. ಮೇಲಿನವರು ಓದಿ ಏನಂದುಕೊಂಡರೋ, ಅದನ್ನೇ ಮಂಜೂರು ಮಾಡಿದರು. ಸಹಿ ಉಳಿಯಿತು. ನಾಷ್ಟಾ ಹೋಯಿತು.