ನಾನು ಸತ್ತ ದಿನದ ಶೂಟಿಂಗ್

ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಯಾವ ಚಪಲ ಹತ್ತಿಕೊಳ್ಳುತ್ತದೆ ಎಂದು ಹೇಳುವುದು ಕಷ್ಟ. ನನ್ನ ಸರೀಕರೆಲ್ಲ ಐವತ್ತು ದಾಟಿದ್ದೇ ತಡ, ಬೆಳಗಿನ ವಾಕಿಂಗು, ಸಕ್ಕರೆ ಇಲ್ಲದ ಕಾಫಿ, ಮೊಣಕಾಲಿಗೆ ಎಣ್ಣೆ ಎಂದು ಮರ್ಯಾದೆಯಾಗಿ ಇಳಿವಯಸ್ಸಿನ ಕಡೆ ಹೊರಟರು. ನನಗೆ ಮಾತ್ರ ನಟನಾಗುವ ಹುಚ್ಚು ಹಿಡಿಯಿತು. ಯಲಹಂಕದ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಇಪ್ಪತ್ತೆಂಟು ವರ್ಷದಿಂದ ಪಿಪೆಟ್ಟು, ಬ್ಯೂರೆಟ್ಟು ತೊಳೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ವಿದ್ಯಾರ್ಥಿಗಳು ನನ್ನ ಮುಖವನ್ನು ಗಮನವಿಟ್ಟು ನೋಡಿದ್ದು ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಾತ್ರ, ಅದೂ ತಮಗೆ ಕೊಟ್ಟಿರುವ ಉಪ್ಪು ಯಾವುದೆಂದು ನನ್ನ ಹುಬ್ಬಿನಿಂದ ತಿಳಿದುಕೊಳ್ಳಲು. ಹುಬ್ಬು ಒಂದು ಸಲ ಏರಿದರೆ ಅಮೋನಿಯಂ, ಎರಡು ಸಲ ಏರಿದರೆ ಜಿಂಕ್. ಹೀಗೆ ಬರೀ ಹುಬ್ಬಿನಿಂದ ತರಗತಿಗಟ್ಟಲೆ ಮಕ್ಕಳನ್ನು ಪಾಸು ಮಾಡಿಸಿದವನಿಗೆ ತಾನೊಬ್ಬ ನಟ ಎಂಬ ಭ್ರಮೆ ಬಂದದ್ದರಲ್ಲಿ ತಪ್ಪೇನಿದೆ ಹೇಳಿ.

ಧಾರಾವಾಹಿಗಳಿಗೆ ಜನ ಒದಗಿಸುವ ಏಜೆಂಟ್ ಒಬ್ಬರಿಗೆ ಫೋಟೊ ಕೊಟ್ಟು ಬಂದೆ. ರಜೆಯ ದಿನಗಳಲ್ಲಿ ಕರೆ ಬರತೊಡಗಿತು. ನಮ್ಮ ಯಲಹಂಕದ ಪಕ್ಕದ ಸಿಂಗಾಪುರ, ಹೆಸರಘಟ್ಟದ ಕಡೆಯ ಶೂಟಿಂಗ್ ಮನೆಗಳಲ್ಲಿ ಮೂರು ವರ್ಷ ಯಾರ್ಯಾರದೋ ಮದುವೆಗೆ ಅಕ್ಷತೆ ಹಾಕಿದ್ದೇನೆ, ಯಾರ್ಯಾರದೋ ನಾಮಕರಣಕ್ಕೆ ಚಪ್ಪಾಳೆ ತಟ್ಟಿದ್ದೇನೆ. ಮುಖ್ಯ ಪಾತ್ರಗಳು ಮಾತನಾಡುವಾಗ ಹಿಂದೆ ಸುಮ್ಮನೆ ನಡೆದು ಹೋಗುವುದಕ್ಕೆ ಅಲ್ಲಿ 'ಪಾಸಿಂಗ್' ಎನ್ನುತ್ತಾರೆ. ಕಾಲೇಜಿನಲ್ಲಿ ಎಷ್ಟು ಜನ ಪಾಸಾದರೋ, ಇಲ್ಲಿ ನಾನು ಅದಕ್ಕಿಂತ ಹೆಚ್ಚು ಸಲ ಪಾಸಾದೆ. ಆದರೆ ಯಾರ ಕಣ್ಣಿಗೂ ಬೀಳಲಿಲ್ಲ. ಒಮ್ಮೆ ಆಸ್ಪತ್ರೆಯ ದೃಶ್ಯದಲ್ಲಿ ಹೇಗಾದರೂ ಗಮನ ಸೆಳೆಯಬೇಕೆಂದು, ಎಡಗಾಲು ಎಳೆಯುತ್ತಾ, ಗೋಡೆ ಹಿಡಿದು, ನಡುನಡುವೆ ಮೇಲೆ ನೋಡಿ ನಿಟ್ಟುಸಿರು ಬಿಡುತ್ತಾ ನಡೆದೆ. ಡೈರೆಕ್ಟರ್ ಮೈಕಿನಲ್ಲಿ ಕೂಗಿದರು: "ರೀ ನೀಲಿ ಶರ್ಟು, ಕಾಯಿಲೆ ಇರೋದು ಹೀರೋಯಿನ್‌ಗೆ ಕಣ್ರೀ, ನಿಮಗಲ್ಲ. ಸುಮ್ನೆ ಹೋಗಿ!" ಆ ಕಂತು ಪ್ರಸಾರವಾದಾಗ ನನ್ನ ಹೆಂಡತಿ ವಿಮಲಾ ಟೀವಿಯ ಹತ್ತಿರ ಹೋಗಿ ಹುಡುಕಿದಳು. ನನ್ನ ಬಲಗಿವಿ ಮತ್ತು ಒಂದಿಷ್ಟು ಕುತ್ತಿಗೆ ಸಿಕ್ಕಿತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಏಜೆಂಟ್ ಫೋನ್ ಮಾಡಿ, "ಸಾರ್, ಇವತ್ತು ನಿಮಗೆ ಪಾತ್ರ ಇದೆ. ಹೀರೋಯಿನ್ ಸೋದರಮಾವ. ಆದ್ರೆ ಸತ್ತೋಗಿರ್ತೀರ" ಎಂದರು. ಹೆಣವಾಗಲು ಇಷ್ಟು ಸಂಭ್ರಮದಿಂದ ಹೊರಟವರು ಯಲಹಂಕದಲ್ಲಿ ಬೇರೆ ಯಾರೂ ಇರಲಾರರು. ಸಿಂಗಾಪುರದ ಆ ಮನೆಯಲ್ಲಿ ಡೈರೆಕ್ಟರ್ ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತನಾಡಿದರು. "ಕ್ಲೋಸಪ್ ಇದೆ. ಅಲ್ಲಾಡದೆ ಮಲಗಿದ್ರೆ ಸಾಕು. ಇದು ಚೆನ್ನಾಗಿ ಬಂದ್ರೆ ಫ್ಲ್ಯಾಶ್‌ಬ್ಯಾಕ್‌ನಲ್ಲಿ ನಿಮಗೆ ನಾಲ್ಕು ಸೀನು, ಡೈಲಾಗ್ ಸಮೇತ." ಅಂದರೆ ಲಕ್ಷಣವಾಗಿ ಸತ್ತರೆ ಆಮೇಲೆ ಬದುಕಬಹುದು! ಹಣೆಗೆ ವಿಭೂತಿ ಬಳಿಸಿಕೊಂಡು, ಮೂಗಿಗೆ ಹತ್ತಿ ಇಡಿಸಿಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು ಚಾಪೆಯ ಮೇಲೆ ಮಲಗಿ, ಆ ನಾಲ್ಕು ಸೀನುಗಳನ್ನು ನೆನೆಯುತ್ತಾ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿದೆ.

ನನ್ನ ವಿಧವೆಯಾಗಲು ಬಂದವರು ಶಾಹಿದಾ ಮೇಡಂ. ಆರ್.ಟಿ. ನಗರದವರು. ನನ್ನ ಹಾಗೇ ಎಷ್ಟೋ ವರ್ಷದಿಂದ ಗುಂಪಿನಲ್ಲಿ ನಿಲ್ಲುತ್ತಿದ್ದವರು. ಹಣೆಗೆ ಅಗಲವಾಗಿ ಕುಂಕುಮ ಇಡಿಸಿಕೊಂಡು, "ಹೌ ಬೇಟಾ, ಆತೂಂ, ದಾಲ್ ಗರಮ್ ಕರ್ಕೆ ರಖ್" ಎಂದು, ಬರ್ತೀನಿ, ಬೇಳೆ ಬಿಸಿ ಮಾಡಿಡು ಅಂತ ಮಗಳಿಗೆ ಫೋನಿನಲ್ಲಿ ಹೇಳಿ, ನನ್ನ ಪಕ್ಕ ಕುಳಿತರು. ಸ್ಕ್ರಿಪ್ಟಿನಲ್ಲಿ ಅವರಿಗೆ ಇದ್ದದ್ದು ಒಂದೇ ಪದ: 'ಅಳುತ್ತಾಳೆ'.

"ನಿಮ್ಮ ಹೆಸರೇನು ಸಾರ್?" ಎಂದರು.

ಮೂರು ವರ್ಷದಲ್ಲಿ ಶೂಟಿಂಗ್ ಜಾಗದಲ್ಲಿ ಯಾರೂ ಕೇಳಿರದ ಪ್ರಶ್ನೆ. "ಗೋವಿಂದರಾಜು. ಯಾಕೆ ಮೇಡಂ?"

"ಸುಮ್ ಸುಮ್ನೆ ಅಳಕ್ಕಾಗಲ್ಲ ಸಾರ್ ನಂಗೆ. ಯಾರಿಗೋಸ್ಕರ ಅಳ್ತಿದೀನಿ ಅಂತ ಗೊತ್ತಾಗ್ಬೇಕು. ಮನೇಲಿ ಮೇಡಂ ನಿಮಗೆ ಯಾವುದಕ್ಕೆ ಬೈತಾರೆ?"

"ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ತೀನಿ ಅಂತ."

"ತಿನ್ನಕ್ಕೆ ಏನ್ ಇಷ್ಟ?"

"ತಳ ಹಿಡಿದ ಉಪ್ಪಿಟ್ಟು. ಅವಳೇ ಕೆರೆದು ಕೊಡ್ತಾಳೆ."

"ಮನೆಗೆ ಬಂದ್ರಿ ಅಂತ ಅವರಿಗೆ ಹೆಂಗೆ ಗೊತ್ತಾಗತ್ತೆ?"

"ಗೇಟ್ ಹತ್ರ ಕೆಮ್ತೀನಿ. ಆಗ ಕಾಫಿಗೆ ಇಡ್ತಾಳೆ."

ಆಕೆ ತಲೆಯಾಡಿಸಿ, "ಆಯ್ತು, ಸಾಕು. ಮಲ್ಕೊಳಿ" ಎಂದರು. ನನಗೆ ಒಳಗೊಳಗೇ ನಗು. ಕ್ಲೋಸಪ್ ಇರುವುದು ನನಗೆ, ತಯಾರಿ ಈಕೆಯದು ಎಂದುಕೊಂಡು ಕಣ್ಣು ಮುಚ್ಚಿದೆ.

"ಆ್ಯಕ್ಷನ್" ಎಂದ ಮೇಲೆ ನನ್ನ ಪಂಚೆಯ ಅಂಚನ್ನು ಯಾರೋ ಸರಿಮಾಡಿದರು. ಕಿವಿಯ ಹತ್ತಿರ ಒಂದು ಸಣ್ಣ ದನಿ, ಅಳುವಿಲ್ಲದ ಬರೀ ಮನೆಮಾತಿನ ದನಿ. "ಏಳ್ರೀ. ಒದ್ದೆ ಟವೆಲ್ ಎಲ್ಲಿ ಬೇಕಾದ್ರೂ ಹಾಕಿ, ಇನ್ಮೇಲೆ ಬೈಯಲ್ಲ." ಆಮೇಲೆ, "ಉಪ್ಪಿಟ್ಟು ತಳ ಹಿಡಿದ್ರೆ ನಾನ್ ಯಾರಿಗೆ ಕೊಡ್ಲಿ?" ಆಮೇಲೆ ದನಿ ಒಡೆಯಿತು. "ನೀವು ಗೇಟ್ ಹತ್ರ ಕೆಮ್ಮಿದ್ರೆ ತಾನೇ ನಾನು ಕಾಫಿಗೆ ಇಡ್ತಿದ್ದಿದ್ದು? ಇನ್ನು ಯಾವಾಗ್ರೀ ಇಡ್ಲಿ?"

ಓದುಗರೇ, ನಾನು ಬೆರಗಾದೆ. ಬೇರೆ ಮಾತು ನನಗೆ ತೋಚುತ್ತಿಲ್ಲ. ಐದು ನಿಮಿಷದ ಹಿಂದೆ ನನ್ನ ಹೆಸರೂ ಗೊತ್ತಿಲ್ಲದ ಹೆಂಗಸು, ನನ್ನ ಐವತ್ತನಾಲ್ಕು ವರ್ಷದ ಬದುಕಿನಲ್ಲಿ ಕಳೆದುಹೋದರೆ ನಷ್ಟವಾಗುವಂಥದ್ದು ಏನಿದೆಯೋ ಅದನ್ನೇ ಸರಿಯಾಗಿ ಹೆಕ್ಕಿ ನನ್ನ ಎದೆಯ ಮೇಲೆ ಇಟ್ಟಿದ್ದರು. ನನಗೆ ಗೋವಿಂದರಾಜು ಎಂಬವನ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿತು. ಪಾಪ, ಎಂಥ ಒಳ್ಳೆಯ ಮನುಷ್ಯ, ಇಷ್ಟು ಬೇಗ ಹೋಗಬಾರದಿತ್ತು. ಲೈಟ್ ಹಿಡಿದವರೊಬ್ಬರು ಮೂಗು ಎಳೆದುಕೊಂಡದ್ದು ಕೇಳಿಸಿತು. ಅಷ್ಟರಲ್ಲಿ ಕ್ಯಾಮೆರಾ ಹಿಂದಿನಿಂದ ಗಾಬರಿಯ ಕೂಗು ಬಂತು.

"ಸಾರ್, ಹೆಣ ಅಳ್ತಾ ಇದೆ!"

ಎರಡೂ ಕಣ್ಣಿನಿಂದ ಇಳಿದ ನೀರು ವಿಭೂತಿಯನ್ನು ಕಲಸಿಕೊಂಡು ಕಿವಿಯವರೆಗೆ ಹರಿದಿತ್ತು. ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತು ಕುಳಿತರು. ಇನ್ನೊಂದು ಟೇಕ್ ಎಂದರು, ಶಾಹಿದಾ ಬಾಯಿ ತೆರೆದದ್ದೇ ನನ್ನ ಕಣ್ಣು ಮತ್ತೆ ತುಂಬಿತು. ಮೂರನೆಯದಕ್ಕೆ ಆಕೆ ಮಾತನಾಡುವ ಮೊದಲೇ ತುಂಬಿತು. ಕೊನೆಗೆ ಡೈರೆಕ್ಟರ್ ಎಡಿಟರ್‌ಗೆ ಹೇಳಿದರು: "ಫಸ್ಟ್ ಟೇಕೇ ಇರ್ಲಿ. ಈಯಮ್ಮನ ಅಳು ಮತ್ತೆ ಸಿಗಲ್ಲ. ಹೆಣದ ಮುಖ ಕಟ್ ಮಾಡಿ, ಪಾದ ಇಟ್ಕೊಳಿ." ನನ್ನ ಫ್ಲ್ಯಾಶ್‌ಬ್ಯಾಕಿನ ನಾಲ್ಕೂ ಸೀನು ಹಾಗೆ ಹೋದವು. ಪಾದಕ್ಕೆ ಯಾವ ಮುಖ ಬೇಕಾದರೂ ಹೊಂದುತ್ತದಲ್ಲ, ನೋಡಲು ಚೆನ್ನಾಗಿರುವ ಇನ್ನೊಬ್ಬರನ್ನು ಕರೆಸಿದರಂತೆ. ಶಾಹಿದಾ ಮೇಡಂಗೆ ಮಾತ್ರ ಅಲ್ಲೇ, ನಿಂತ ಕಾಲಲ್ಲೇ, ಖಾಯಂ ಪಾತ್ರ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.

ಸೆಟ್ಟಿನಲ್ಲಿ ಒಂದು ಶಾಸ್ತ್ರವಿದೆ. ಸತ್ತವರ ಪಾತ್ರ ಮಾಡಿದವರು ಕೊನೆಗೆ ಎದ್ದು ಕುಳಿತು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ಇಲ್ಲದಿದ್ದರೆ ಅಪಶಕುನವಂತೆ. ಮೂಗಿನ ಹತ್ತಿ ತೆಗೆದು, ಹಾರ ಹಾಕಿಕೊಂಡೇ ನಕ್ಕೆ. ತುಂಬು ಕ್ಲೋಸಪ್, ಒಳ್ಳೆಯ ಬೆಳಕು, ಎರಡೂ ಹುಬ್ಬು ಸರಿಯಾದ ಜಾಗದಲ್ಲಿ. ಆದರೆ ಆ ಶಾಟನ್ನು ಯಾವತ್ತೂ ಪ್ರಸಾರ ಮಾಡುವುದಿಲ್ಲ. ಪಕ್ಕದಲ್ಲಿದ್ದ ಶಾಹಿದಾ ಮೇಡಂ, "ಸಾರಿ ಸಾರ್, ನನ್ನಿಂದ ನಿಮ್ ಪಾರ್ಟ್ ಹೋಯ್ತು" ಎಂದರು. ನಾನು ಕೈಮುಗಿದೆ. ಗಂಡ ಸತ್ತು ಎದ್ದು ಹೆಂಡತಿಗೆ ಕೈಮುಗಿದದ್ದು ನೋಡಿ ಎಲ್ಲರೂ ನಕ್ಕರು, ನಾನು ಮಾತ್ರ ನಿಜವಾಗಿಯೇ ಮುಗಿದಿದ್ದೆ.

ಮುಂದಿನ ವಾರ ಸಂಜೆ ಆ ಕಂತು ಬಂತು. ನಡೆದದ್ದೇನನ್ನೂ ನಾನು ಮನೆಯಲ್ಲಿ ಹೇಳಿರಲಿಲ್ಲ, ನನ್ನ ಪಾತ್ರವಿದೆ ಎಂದಷ್ಟೇ ಹೇಳಿದ್ದೆ. ವಿಮಲಾ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು ಕುಳಿತಳು. ಪರದೆಯ ಮೇಲೆ ಎರಡು ಪಾದಗಳು, ಅವುಗಳ ಆಚೆ ಶಾಹಿದಾ. ಒದ್ದೆ ಟವೆಲ್ಲು ಬಂತು, ಉಪ್ಪಿಟ್ಟು ಬಂತು. ವಿಮಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಫಿಯ ಮಾತು ಬಂದಾಗ ಬಿಕ್ಕಿದಳು. ಇದೇ ಸಮಯವೆಂದು ನಾನು ಮೆಲ್ಲಗೆ ಅವಳ ಕಡೆ ಬಾಗಿ, "ವಿಮಲಾ, ಆ ಪಾದ ನೋಡು, ಅದು ನಾನೇ" ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈಯನ್ನು ಜೋರಾಗಿ ಅದುಮಿದಳು.

"ಸ್ವಲ್ಪ ಸುಮ್ನಿರ್ರೀ," ಎಂದಳು. "ಪಾಪ, ಆಯಮ್ಮನ ಗಂಡ ಸತ್ತೋಗಿದಾನೆ."

ನಾನೂ ಕಣ್ಣೊರೆಸಿಕೊಂಡೆ.