ಅಪ್ಪನ ಬೂಸ್ಟರ್ ಮತ್ತು ನನ್ನ ಗೊಣಗಾಟ

ಮನುಷ್ಯನಿಗೆ ಮನೆಯಲ್ಲಿ ಗೊಣಗಲು ಒಂದು ಜಾಗ ಬೇಕು. ನನಗೆ ಅದಿರಲಿಲ್ಲ. ರಬಕವಿಯ ಪವರ್‌ಲೂಮ್ ಶೆಡ್ಡುಗಳ ಗದ್ದಲದಲ್ಲಿ ಎದುರಿನವನ ತುಟಿ ನೋಡಿಯೇ ಮಾತು ತಿಳಿಯಬೇಕು. ನಮ್ಮಪ್ಪ ಆಯುಷ್ಯವನ್ನೆಲ್ಲ ಅಲ್ಲಿ ಕಳೆದು, ಎರಡೂ ಕಿವಿಗಳನ್ನು ಮಗ್ಗಕ್ಕೇ ಬಿಟ್ಟು, ತುಟಿ ಓದುವುದನ್ನು ಮಾತ್ರ ಕಲಿತು ಬಂದವನು. ಅಂಗಳದ ಆ ತುದಿಯಲ್ಲಿ ನಾನು ತುಟಿಯಲ್ಲೇ ಅಂದುಕೊಂಡದ್ದಕ್ಕೂ ಪಡಸಾಲೆಯಿಂದ ಗಟ್ಟಿ ದನಿಯಲ್ಲಿ ಉತ್ತರ ಬರುತ್ತಿತ್ತು.

ವೈರಸ್ಸಿನ ಹೊಸ ತಳಿಯ ಸುದ್ದಿ ಬಂದಾಗ ಡಾಕ್ಟರು ಅಪ್ಪನ ಎದೆ ಪರೀಕ್ಷಿಸಿ ನನ್ನನ್ನು ಪಕ್ಕಕ್ಕೆ ಕರೆದರು. ನೂಲಿನ ಧೂಳು ಕುಡಿದ ಎದೆ ಅದು. "ಇವರಿಗೆ ಬಂದ್ರ ಭಾಳ ಕಷ್ಟ ಐತ್ರಿ. ಮೂರನೇ ಸೂಜಿ, ಬೂಸ್ಟರ್ ಹಾಕಿಸ್ರಿ. ನಿಮ್ಮದು ಸೀರಿ ಅಂಗಡಿ, ದಿನಾ ನೂರು ಮಂದಿ ಬರ್ತಾರ. ಮನ್ಯಾಗೂ ಮಾಸ್ಕ್ ಹಾಕ್ಕೊಂಡ ಇರ್ರಿ" ಎಂದರು.

ಹಾಕಿಕೊಂಡೆ. ಅಪ್ಪನ ಪಾಲಿಗೆ ಮೂಕನಾದೆ. ನಿಜ ಹೇಳಬೇಕೆಂದರೆ ಮೊದಲು ಸುಖವೇ ಆಯಿತು. ಚಹಾ ಕೊಡುತ್ತ ಎದುರಿಗೇ ನಿಂತು ಗೊಣಗುವ ಭಾಗ್ಯ ಯಾವ ಮಗನಿಗುಂಟು? ಆದರೆ ಬೂಸ್ಟರ್ ವಿಷಯ ಹೇಳುವುದು ಹೇಗೆ? ಚೀಟಿ ಬರೆದು ಕೊಟ್ಟೆ. "ಒಂದ ಮನ್ಯಾಗ ಇದ್ದು ಚೀಟಿ ಕೊಡ್ತಿಯೇನಲೇ?" ಎಂದು ಓದದೆಯೇ ಮಡಚಿಟ್ಟ. ಆಮೇಲೆ ಮಂಚವನ್ನು ಬೀದಿಯ ಕಡೆ ತಿರುಗಿಸಿಕೊಂಡ. ಅಲ್ಲಿ ಮಾಸ್ಕಿಲ್ಲದ ಜನ ಓಡಾಡುತ್ತಿದ್ದರು. ಅವರ ಮಾತು ನೋಡುತ್ತ ಕೂತಿರುತ್ತಿದ್ದ. ನನಗೆ ಸಂಕಟವಾಯಿತು.

ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಅಂಗಳದ ತುದಿಯಲ್ಲೇ ನಿಂತು, ಕೈ ಬೀಸಿ ಅಪ್ಪ ಇತ್ತ ನೋಡುವಂತೆ ಮಾಡಿ, ಮಾಸ್ಕ್ ತೆಗೆದೆ. ಬೂಸ್ಟರ್ ಹಾಕಿಸಿಕೊಂಡರೂ ರೋಗ ಬರಬಹುದು, ಬಂದರೂ ಜೀವಕ್ಕೆ ಅಪಾಯ ಕಡಿಮೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಭಾಷಣದಂತೆ ಒಪ್ಪಿಸಿದೆ.

"ಬ್ಯಾಡ. ಎರಡ ಆಗ್ಯಾವ. ರೋಗ ವರ್ಷಾ ವರ್ಷಾ ಹೆಸರ ಬದ್ಲಿ ಮಾಡಿದ್ರ ನಾ ಎಷ್ಟ ಸೂಜಿ ಚುಚ್ಚಿಸ್ಕೊಳ್ಳಲಿ?" ಎಂದ ಅಪ್ಪ.

ಸಿಟ್ಟು ನೆತ್ತಿಗೇರಿತು. ಮಾಸ್ಕ್ ತೆಗೆದಿರುವುದು ಮರೆತೇಹೋಗಿ, ಆ ದಿನಗಳ ರೂಢಿಯಂತೆ ಗೊಣಗಿದೆ: "ಈ ಮುದುಕ ಹೋದ್ರ ನಾ ಯಾರ ಜೋಡಿ ಜಗಳಾಡ್ಲಿ? ನನಗ ಅಂಜಿಕಿ ಆಗಾಕತ್ತೈತಿ."

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ. ಎದ್ದು ಗೂಟದ ಮೇಲಿನ ಟೋಪಿ ತೆಗೆದುಕೊಂಡ.

"ನಡಿ ದವಾಖಾನಿಗೆ. ಅಲ್ಲಲೇ ತಮ್ಮಾ, ಇಷ್ಟ ಮಾತ ಮೊದಲ ಹೇಳಾಕ ಏನಾಗಿತ್ತು?"

ಹೇಳಿದ್ದೆ. ದಿನಾ ಚಹಾ ಕೊಡುವಾಗ ಮಾಸ್ಕಿನೊಳಗೆ ಅದನ್ನೇ ಹೇಳುತ್ತಿದ್ದೆ, ಅವನಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ. ಮಾಸ್ಕ್ ಹಾಕಿಕೊಂಡು ಗಾಡಿ ಚಾಲೂ ಮಾಡಿದೆ.