ಹೆಸರಿಲ್ಲದ ಗುಳಿಗೆ ಕೊಟ್ಟ ಶಶಿಕಾಂತ ಅವರಿಗೆ

ನರೇಗಲ್ ಪೇಟೆಯಲ್ಲಿ ಔಷಧದಂಗಡಿ ನಡೆಸುತ್ತ, ಸುತ್ತಲಿನ ಹಳ್ಳಿಗಳ ಮೊಣಕಾಲು, ಹೊಟ್ಟೆ, ತಲೆಗಳ ಭಾರವನ್ನೆಲ್ಲ ಒಬ್ಬರೇ ಹೊತ್ತಿರುವ ಶ್ರೀ ಶಶಿಕಾಂತ ಅವರ ಸನ್ನಿಧಿಗೆ ಅಬ್ಬಿಗೇರಿಯ ಉಮಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಅಂಗಡಿಯ ಗುಳಿಗೆಗಳನ್ನು ತಾವು ನುಂಗುವುದಿಲ್ಲವಾದ್ದರಿಂದ ಈ ನಂಬಿಕೆಗೆ ಆಧಾರವೂ ಇದೆ. ‘ಇಲ್ಲಿ ಆರೋಗ್ಯ ಸಲಹೆ ಉಚಿತ’ ಎಂಬ ಫಲಕವನ್ನು ನೋಡಿ ಒಳಗೆ ಬಂದ ನಮ್ಮ ಅತ್ತೆ ಹೊಳೆವ್ವನಿಗೆ ತಾವು ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳದೆ ಹೋದರೆ ತಪ್ಪಾದೀತೆಂದು ಈ ಪತ್ರ.

ಅತ್ತೆ ಮೊಣಕಾಲು ನೋವೆಂದು ಬಂದಾಗ ತಾವು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದಿರಿ. ಆಟಕ್ಕೂ ಭಂಗ ಬಾರದಂತೆ, ರೋಗಿಯೂ ಕಾಯದಂತೆ, ತಲೆಯನ್ನೇ ಎತ್ತದೆ ರೋಗ ಕಂಡುಹಿಡಿದ ತಮ್ಮ ವಿದ್ಯೆ ದೊಡ್ಡದು. “ದವಾಖಾನಿಗೆ ಯಾಕ ಹೋಗ್ತಿ ಬಿಡ ಯವ್ವಾ. ಮುಂಜಾನಿ ಒಂದು, ಸಂಜಿಗೊಂದು ನುಂಗು, ಜಿಂಕಿ ಹಂಗ ಓಡ್ಯಾಡ್ತಿ” ಎಂದು, ಗುಳಿಗೆಗಳನ್ನು ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟಿರಿ. ಅತ್ತೆ ನಿಜಕ್ಕೂ ಓಡಾಡಿದಳು. ಪೊಟ್ಟಣ ಮುಗಿದಾಗ ಮತ್ತೆ ಬಂದು, “ಯಪ್ಪಾ, ಹೊಟ್ಯಾಗ ಉರಿ ಏಳಾಕತ್ತೈತಿ” ಎಂದಾಗ, ಮೆಣಸಿನಕಾಯಿ ಬೆಳೆಯುವ ಮನೆಯವಳಿಗೆ “ಖಾರ ಕಡಿಮಿ ಮಾಡು” ಎಂಬ ಇನ್ನೊಂದು ಉಚಿತ ಸಲಹೆಯನ್ನೂ ಅವೇ ಗುಳಿಗೆಗಳ ಇನ್ನೊಂದು ಪೊಟ್ಟಣವನ್ನೂ ದಯಪಾಲಿಸಿದಿರಿ.

ಖಾರ ಬಿಟ್ಟ ಅತ್ತೆ ಕೆಲವೇ ದಿನಗಳಲ್ಲಿ ಹೊಲದಲ್ಲಿ ರಕ್ತ ಕಾರಿಕೊಂಡು ಬಿದ್ದಳು. ನನ್ನ ಗಂಡ ಮಾಲತೇಶ ಅವಳನ್ನು ಎತ್ತಿ ತಂದು ಗಾಡಿಯಲ್ಲಿ ಮಲಗಿಸಿದ. ಗದಗ ಮುಟ್ಟುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ವೈದ್ಯರು, “ಯಾವ ಗುಳಿಗಿ ತಗೋತಿದ್ರು? ಹೆಸರು ಲಗೂ ಹೇಳ್ರಿ” ಎಂದರು. ಪೊಟ್ಟಣದ ಮೇಲೆ ಹೆಸರೇ ಇರಲಿಲ್ಲ. ತಮಗೆ ಫೋನ್ ಮಾಡಿದೆ. “ಅವು ನಮ್ಮ ಅಂಗಡಿ ಗುಳಿಗಿ ಅಲ್ರಿ. ಎಲ್ಲ್ಯರ ಸಂತ್ಯಾಗ ತಗೊಂಡಿರಬೇಕು” ಎಂದು ತಾವು ಫೋನ್ ಇಟ್ಟುಬಿಟ್ಟಿರಿ. ಇಷ್ಟು ಚುರುಕಾದ ಸೇವೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೋವಿನ ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಒಡೆದಿದೆ ಎಂದು ವೈದ್ಯರು ಕೊನೆಗೆ ತಾವಾಗಿಯೇ ಪತ್ತೆ ಮಾಡಿದರು. ರಕ್ತ ಕೊಟ್ಟರು. ಅತ್ತೆ ಉಳಿದಳು. ಕಣ್ಣು ಬಿಟ್ಟವಳೇ ನನ್ನ ಕೈ ಹಿಡಿದು, “ಆ ಅಂಗಡ್ಯಾಂವಗ ಏನೂ ಅನಬ್ಯಾಡ. ಪಾಪ, ನನಗ ಯವ್ವಾ ಅಂತ ಕರದಿದ್ದ” ಎಂದಳು. ಮಾನ್ಯರೇ, ಅವಳು ತಮ್ಮನ್ನು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ದಯವಿಟ್ಟು ತಮ್ಮ ಗುಳಿಗೆಗಳಿಗೆ ಮಾತು ಕಲಿಸಿ. ಹೊಟ್ಟೆಗಿಳಿದ ಮೇಲೆ ವೈದ್ಯರು ಕೇಳಿದರೆ ತಂತಮ್ಮ ಹೆಸರನ್ನು ಅವೇ ಹೇಳಿಕೊಳ್ಳಲಿ. ಆಟ ಮುಗಿಯುವವರೆಗೆ ಯಾರ ಹುಣ್ಣೂ ಒಡೆಯಕೂಡದೆಂದು ಸುತ್ತಲಿನ ಊರುಗಳಲ್ಲಿ ಡಂಗುರ ಸಾರಿಸಿ. ಇವೆರಡೂ ಆಗದಿದ್ದರೆ, ಒಮ್ಮೆ ತಲೆ ಎತ್ತಿ, ಎದುರಿಗೆ ನಿಂತ ಮುದುಕಿಯನ್ನು “ಹೊಟ್ಟಿ ಹ್ಯಾಂಗೈತಿ, ಬ್ಯಾರೆ ಏನ ಗುಳಿಗಿ ತಗೋತಿ” ಎಂದು ಕೇಳಿ. ಮೂರರಲ್ಲಿ ತಮಗೆ ಅತಿ ಕಠಿಣವಾದದ್ದು ಇದೇ ಎಂಬುದನ್ನು ಬಲ್ಲೆ.

ಅತ್ತೆ ಈಗ ಗಂಜಿ ಕುಡಿದುಕೊಂಡು ಮನೆಯಲ್ಲಿದ್ದಾಳೆ. ಅವಳ ಮಾತು ಮೀರಿ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಟ್ಟು ಬಂದಿದ್ದೇನೆ. ಅಲ್ಲಿಯ ಸಾಹೇಬರು ತಮ್ಮನ್ನು ಕಾಣಲು ಬಂದಾಗ ಅವರಿಗೂ ಸಲಹೆ ಉಚಿತವಾಗಿಯೇ ಇರಲಿ.

ವಿಶ್ವಾಸವೆಂಬುದು ಇನ್ನೂ ಚೂರುಪಾರು ಉಳಿದಿರುವ ಮಟ್ಟಿಗೆ,
ತಮ್ಮ ವಿಶ್ವಾಸಿ,
ಉಮಾ, ಅಬ್ಬಿಗೇರಿ

ತಾ.ಕ.: ತಮ್ಮ ಅಂಗಡಿಯ ಗೋಡೆಗೆ ಗಾಜು ಹಾಕಿಸಿ ತೂಗುಬಿಟ್ಟ ಪ್ರಮಾಣಪತ್ರದಲ್ಲಿ ಫಾರ್ಮಾಸಿಸ್ಟ್ ಎಂದು ಫೋಟೊ ಇರುವ ತೋಟಪ್ಪನವರು ಮೊನ್ನೆ ಗಜೇಂದ್ರಗಡದಲ್ಲಿ ಸಿಕ್ಕಿದ್ದರು. ಅಲ್ಲಿ ಸೀರೆ ಅಂಗಡಿ ಇಟ್ಟಿದ್ದಾರೆ, ಭಾಳ ಸಜ್ಜನರು. ತಮ್ಮ ಅಂಗಡಿಯ ವಿಷಯ ತೆಗೆದಾಗ, “ಅದು ರೋಣದಾಗ ಐತೋ ನರೇಗಲ್ಲದಾಗೋ, ನಿಮಗ ಗೊತ್ತೇನ್ರಿ?” ಎಂದು ನನ್ನನ್ನೇ ಕೇಳಿದರು.